ಮರುವಿಚಾರಣೆ

ಅನ್ನ ಬೆಂದಿದೆಯೇ ಎಂದು ತಿಳಿಯಲು ಒಂದಗುಳನ್ನು ಹಿಸುಕಿ ನೋಡಿದರೆ ಸಾಕೆಂಬುದು ಹಿರಿಯರ ಅನುಭವದ ಮಾತು. ಅನ್ನದ ಮಟ್ಟಿಗೆ ಅದು ಸತ್ಯವೇ ಸರಿ. ಆದರೆ ಒಳ್ಳೆಯ ಗಾದೆಗಳಿಗೆಲ್ಲ ಒಂದು ದೌರ್ಬಲ್ಯವಿದೆ. ತಮಗೆ ಸಂಬಂಧಿಸದ ಕಡೆಗೂ ಅವು ಕರೆಯದೆ ಹೋಗಿ ಕುಳಿತುಬಿಡುತ್ತವೆ. ಹೊಸ ಸೊಸೆಯ ಮೊದಲ ಸಾರು, ನೆರೆಮನೆಗೆ ಬಂದ ಹೊಸ ಒಕ್ಕಲು, ಹೊಸ ಕವಿಯ ಮೊದಲ ಸಂಕಲನ, ಇವುಗಳಿಗೆಲ್ಲ ಒಂದಗುಳಿನ ಪರೀಕ್ಷೆಯೇ ಕಟ್ಟಕಡೆಯ ತೀರ್ಪಾಗಿ, ಮೇಲ್ಮನವಿಗೆ ಅವಕಾಶವೇ ಇಲ್ಲದೆ ಹೋಗುತ್ತದೆ. ನಾಲಗೆಯಾದರೂ ವಾಸಿ, ಹಾಗಲಕಾಯಿಯ ಗೊಜ್ಜಿಗೆ ಮುಖ ಕಿವುಚಿದ ಮಗುವೇ ದೊಡ್ಡದಾದ ಮೇಲೆ ಅದನ್ನು ಕೇಳಿ ಬಡಿಸಿಕೊಳ್ಳುತ್ತದೆ. ಮನುಷ್ಯನ ಕಿವಿಯಷ್ಟು ಕಠೋರ ನ್ಯಾಯಾಧೀಶ ಬೇರೆ ಇಲ್ಲ.

ಈ ಮಾತಿಗೆ ನಿದರ್ಶನ ಬೇಕೆಂದರೆ ಬೆಂಗಳೂರಿನ ಹನುಮಂತನಗರದ ರಾಯರ ಮನೆಗೇ ಹೋಗಬೇಕು.

ರಾಯರು ತಂತಿ ಇಲಾಖೆಯಲ್ಲಿ ನಾಲ್ಕು ದಶಕಗಳ ಸೇವೆ ಸಲ್ಲಿಸಿ ನಿವೃತ್ತರಾದವರು. ಈಗ ಎಂಬತ್ತರ ಹೊಸ್ತಿಲಲ್ಲಿದ್ದಾರೆ. ಅವರು ಕೆಲಸಕ್ಕೆ ಸೇರಿದ ಕಾಲದಲ್ಲಿ ಸುದ್ದಿ ಬರುತ್ತಿದ್ದುದು ಸದ್ದಿನ ರೂಪದಲ್ಲಿ. ಮೇಜಿನ ಮೇಲಿನ ಹಿತ್ತಾಳೆಯ ಯಂತ್ರ ಕಟಕಟನೆ ಬಡಿದುಕೊಳ್ಳುತ್ತಿತ್ತು. ಗಿಡ್ಡ ಬಡಿತ, ಉದ್ದ ಬಡಿತಗಳ ಮೋರ್ಸ್ ಸಂಕೇತವನ್ನು ಕಿವಿಯಲ್ಲಿ ಹಿಡಿದು ಕೈಯಲ್ಲಿ ಅಕ್ಷರ ಮಾಡಬೇಕಾಗಿತ್ತು. ಒಂದೇ ಹಜಾರದಲ್ಲಿ ಹತ್ತಾರು ಯಂತ್ರಗಳು ಏಕಕಾಲಕ್ಕೆ ಬಡಿಯುತ್ತಿದ್ದರೂ ತಮ್ಮ ಯಂತ್ರದ ಬಡಿತವೊಂದನ್ನೇ ಬೇರ್ಪಡಿಸಿ ಕೇಳುವ ವಿದ್ಯೆ ರಾಯರಿಗೆ ಸಿದ್ಧಿಸಿತ್ತು. “ಹೊರಗಿನವನಿಗೆ ಅದು ಗಲಾಟೆ; ನಮಗೆ ಅದು ಭಾಷೆ” ಎಂದು ಅವರು ಬಂದವರಿಗೆಲ್ಲ ಹೇಳುತ್ತಿದ್ದರು. 2013ರ ಜುಲೈ ತಿಂಗಳಲ್ಲಿ ಸರಕಾರ ತಂತಿ ಸೇವೆಯನ್ನೇ ಮುಚ್ಚಿದಾಗ ಅವರು ಒಂದು ಹೊತ್ತು ಊಟ ಬಿಟ್ಟಿದ್ದರು.

ಆ ವೃತ್ತಿ ಅವರಿಗೆ ಇನ್ನೊಂದು ಅಭ್ಯಾಸವನ್ನೂ ಕಲಿಸಿತ್ತು. ತಂತಿಯಲ್ಲಿ ಪ್ರತಿಯೊಂದು ಪದಕ್ಕೂ ಕಾಸು. ಹಬ್ಬದ ಶುಭಾಶಯ, ಮದುವೆಯ ಹಾರೈಕೆಗಳಿಗಂತೂ ವಾಕ್ಯಗಳ ಬದಲು ಸಂಖ್ಯೆಗಳೇ ಇದ್ದುವು. ಸಂಖ್ಯೆ ಹೇಳಿದರೆ ಸಾಕು, ಆ ಕಡೆಯವರಿಗೆ ಇಡೀ ಹಾರೈಕೆ ತಲಪುತ್ತಿತ್ತು. ರಾಯರು ಮನೆಯಲ್ಲಿಯೂ ಹೀಗೆಯೇ ಮಾತನಾಡುತ್ತಿದ್ದರು. “ಊಟ?” “ಆಯಿತು.” “ಅಂಕ?” “ಎಂಬತ್ತು.” “ಸಾಲದು.” ತಂದೆಮಗನ ಸಂಭಾಷಣೆ ವರ್ಷಗಟ್ಟಲೆ ಇಷ್ಟೇ ಮಿತವ್ಯಯದಲ್ಲಿ ಸಾಗಿತ್ತು.

1990ರಲ್ಲಿ ಮಗನಿಗೆ ಹದಿನೈದು ವರ್ಷ, ಎಸ್.ಎಸ್.ಎಲ್.ಸಿ. ಪರೀಕ್ಷೆಯ ವರ್ಷ. ಒಂದು ಸಂಜೆ ಅವನು ಗೆಳೆಯನ ಮನೆಯಲ್ಲಿ ನಕಲು ಮಾಡಿಸಿದ ಕ್ಯಾಸೆಟ್ಟೊಂದನ್ನು ತಂದು, ಎಂದೂ ಇಲ್ಲದ ಧೈರ್ಯದಿಂದ, “ಅಪ್ಪ, ಇದನ್ನು ಒಂದು ಸಲ ಕೇಳುತ್ತೀರಾ?” ಎಂದ. ಮಗ ತಾನಾಗಿ ಏನನ್ನಾದರೂ ಕೇಳಿದ್ದೇ ಅಪರೂಪ. ರಾಯರು ಸಂತೋಷದಿಂದಲೇ, “ಆಗಲಿ, ಹಾಕು” ಎಂದು ಆರಾಮಕುರ್ಚಿಯಲ್ಲಿ ಒರಗಿದರು. ಮನೆಯ ಟೂ-ಇನ್-ಒನ್ ಅಲ್ಲಿಯವರೆಗೆ ಕೇಳಿಸಿದ್ದು ಕಛೇರಿ ಸಂಗೀತ, ದಾಸರ ಪದ, ಭಾವಗೀತೆ ಇಷ್ಟನ್ನೇ.

ಕ್ಯಾಸೆಟ್ಟಿನಲ್ಲಿದ್ದುದು ಮೆಟಾಲಿಕ ಎಂಬ ಅಮೆರಿಕದ ವಾದ್ಯವೃಂದ 1988ರಲ್ಲಿ ಹೊರತಂದ ‘ಅಂಡ್ ಜಸ್ಟಿಸ್ ಫಾರ್ ಆಲ್’ ಎಂಬ ಗೀತಗುಚ್ಛ. ಈ ಬಗೆಯ ಸಂಗೀತಕ್ಕೆ ಥ್ರ್ಯಾಶ್ ಮೆಟಲ್ ಎಂದು ಹೆಸರು. ಹೆಸರಿನ ಅರ್ಥವೇ ಥಳಿತ. ವಿದ್ಯುತ್ ಗಿಟಾರುಗಳ ಕರ್ಕಶ ನಾದ, ಉಸಿರು ಬಿಡಲು ಬಿಡುವಿಲ್ಲದ ವೇಗ, ಗದರುವ ಕಂಠ, ಇವು ಅದರ ಲಕ್ಷಣಗಳು. 1980ರ ದಶಕದ ಆರಂಭದಲ್ಲಿ ಕ್ಯಾಲಿಫೋರ್ನಿಯದ ಹುಡುಗರು ಬೆಳೆಸಿದ ರೀತಿ ಅದು. ಅದಕ್ಕೆ ಪ್ರೋಗ್ರೆಸಿವ್ ಎಂಬ ವಿಶೇಷಣ ಸೇರಿದರೆ ಹಾಡುಗಳು ಉದ್ದವಾಗುತ್ತವೆ. ಒಂದೇ ಹಾಡಿನೊಳಗೆ ಗತಿ ಬದಲಾಗುತ್ತದೆ, ಲೆಕ್ಕ ಬದಲಾಗುತ್ತದೆ, ಒಂದು ಭಾಗ ಮುಗಿಯಿತೆನ್ನುವಾಗ ನಿರೀಕ್ಷಿಸದ ಇನ್ನೊಂದು ಭಾಗ ಬಾಗಿಲು ತೆರೆಯುತ್ತದೆ. ಒಂಬತ್ತು ಹಾಡುಗಳು, ಒಟ್ಟು ಸುಮಾರು 65 ನಿಮಿಷ.

ರಾಯರು ಕೇಳಿದ್ದು ಹತ್ತು ನಿಮಿಷ. ಮೊದಲನೆಯ ಹಾಡನ್ನು ಹುಬ್ಬು ಗಂಟಿಕ್ಕಿ ಸಹಿಸಿದರು. ಎರಡನೆಯದರ ನಡುವೆ ಎದ್ದು ಗುಂಡಿ ಒತ್ತಿದರು.

“ಇದು ಸಂಗೀತವೇನೋ? ಜಲ್ಲಿ ಒಡೆಯುವ ಯಂತ್ರಕ್ಕೂ ಇದಕ್ಕಿಂತ ಹೆಚ್ಚು ಲಯವಿರುತ್ತದೆ.”

“ಮುಂದೆ ಒಂದು ಹಾಡಿದೆ ಅಪ್ಪ, ಅದೊಂದನ್ನು—”

“ಅನ್ನ ಬೆಂದಿದೆಯೇ ನೋಡಲು ಒಂದಗುಳು ಸಾಕು.”

ಕ್ಯಾಸೆಟ್ಟು ಪರೀಕ್ಷೆ ಮುಗಿಯುವವರೆಗೆ ಜಪ್ತಿಯಾಯಿತು. ಪರೀಕ್ಷೆ ಮುಗಿಯಿತು, ಮಗ ಅದನ್ನು ಕೇಳಲಿಲ್ಲ, ತಂದೆ ಕೊಡಲಿಲ್ಲ. ಜಗಳವಾಗಲಿಲ್ಲ. ಮನೆಯಲ್ಲಿ ಯಾರೂ ಅದನ್ನೊಂದು ಘಟನೆಯೆಂದೇ ಎಣಿಸಲಿಲ್ಲ. ಆದರೆ ಆ ದಿನದಿಂದ ಮಗ ತನಗೆ ಪ್ರಿಯವಾದ ಯಾವುದನ್ನೂ ತಂದೆಯ ಮುಂದೆ ತಂದಿಡಲಿಲ್ಲ. ಇಂಜಿನಿಯರಿಂಗ್ ಓದಿದ, ಹಾಸ್ಟೆಲಿನಲ್ಲಿದ್ದ, ಪುಣೆಯಲ್ಲಿ ಕೆಲಸ ಹಿಡಿದ, ಮದುವೆಯಾದ. ಎಲ್ಲ ವಿಷಯಗಳಲ್ಲಿಯೂ ತಂದೆಯನ್ನು ಗೌರವದಿಂದ ಕೇಳಿಯೇ ಮಾಡಿದ. ಗೌರವಕ್ಕೇನೂ ಕೊರತೆಯಿರಲಿಲ್ಲ. ಪ್ರತಿ ಭಾನುವಾರ ದೂರವಾಣಿ ಬರುತ್ತಿತ್ತು. “ಮಾತ್ರೆ ತೆಗೆದುಕೊಂಡಿರಾ?” “ತೆಗೆದುಕೊಂಡೆ.” “ಮಳೆ?” “ಇಲ್ಲ.” “ಸರಿ, ಅಮ್ಮನಿಗೆ ಕೊಡಿ.” ತಂತಿ ಸೇವೆ ದೇಶದಲ್ಲಿ ಮುಚ್ಚಿದ ಮೇಲೂ ಈ ಮನೆಯಲ್ಲಿ ನಡೆಯುತ್ತಲೇ ಇತ್ತು.

2011ರ ಅಕ್ಟೋಬರ್ 30ರಂದು ಇದೇ ಮೆಟಾಲಿಕ ತಂಡ ಬೆಂಗಳೂರಿಗೆ ಬಂತು. ಎರಡು ದಿನ ಮೊದಲು ದೆಹಲಿಯ ಬಳಿ ಗುರಗಾಂವಿನಲ್ಲಿ ನಡೆಯಬೇಕಾಗಿದ್ದ ಕಾರ್ಯಕ್ರಮ ರದ್ದಾಗಿದ್ದುದರಿಂದ ಅವರು ಭಾರತದಲ್ಲಿ ಮೊಟ್ಟಮೊದಲು ನುಡಿಸಿದ್ದು ಅರಮನೆ ಮೈದಾನದಲ್ಲಿಯೇ. ಆ ವಾರ ಮಗ ಪುಣೆಯಿಂದ ಬಂದಿದ್ದ. ಕಚೇರಿಯ ಕೆಲಸವೆಂದು ಹೇಳಿದ್ದ. ಭಾನುವಾರ ಮಧ್ಯಾಹ್ನ ಹೊರಟವನು ಸರಿರಾತ್ರಿಗೆ ಹಿಂದಿರುಗಿದಾಗ ಗಂಟಲು ಪೂರ್ತಿ ಕಟ್ಟಿಹೋಗಿತ್ತು. ಬೆಳಗ್ಗೆ ತಾಯಿ ಏನೂ ಕೇಳದೆ ಮೆಣಸಿನ ಕಷಾಯ ಮಾಡಿ ಕೊಟ್ಟರು. ರಾಯರು ಪತ್ರಿಕೆಯಲ್ಲಿ ಮೈದಾನದ ಚಿತ್ರವನ್ನು ನೋಡಿದರು, ಮಗನ ಗಂಟಲನ್ನೂ ನೋಡಿದರು, ಪುಟ ತಿರುಗಿಸಿದರು. ಮೂವತ್ತಾರು ವರ್ಷದ ಮಗ ಸಂಗೀತ ಕೇಳಲು ಹೋಗುವುದಕ್ಕೆ ತಂದೆಗೆ ಸುಳ್ಳು ಹೇಳಬೇಕಾಯಿತೆಂಬುದು ಅವರ ಮನಸ್ಸಿಗೆ ಚುಚ್ಚಿತೇ? ಚುಚ್ಚಿರಬೇಕು. ಅದನ್ನು ಹೇಳಲು ಸಂಖ್ಯೆಯೊಂದಿರಲಿಲ್ಲ.

ಈ ಬೇಸಗೆಯಲ್ಲಿ ಮನೆಗೆ ಸುಣ್ಣಬಣ್ಣವಾಯಿತು. ಅಟ್ಟದಿಂದ ಇಳಿದ ಸಾಮಾನುಗಳ ನಡುವೆ ಹಳೆಯ ಬಿಸ್ಕತ್ತಿನ ಡಬ್ಬವೊಂದು ಸಿಕ್ಕಿತು. ಅದರೊಳಗೆ ಆ ಕ್ಯಾಸೆಟ್ಟು. ರಜೆಗೆ ಬಂದಿದ್ದ ಮೊಮ್ಮಗಳಿಗೆ ಈಗ ಹದಿನೈದು. ಅವಳು ಡಬ್ಬದ ಮುಚ್ಚಳ ತೆಗೆದು, ಒಳಗಿನ ಚೀಟಿಯನ್ನು ಓದಿ, ಕೂಗಿಯೇ ಬಿಟ್ಟಳು.

“ತಾತ! ಇದು ಅಪ್ಪನದಾ? ಈ ಆಲ್ಬಮ್ ನಮ್ಮ ಕಾರಿನಲ್ಲಿ ಯಾವಾಗಲೂ ಇರುತ್ತೆ. ಅಪ್ಪ ಇದನ್ನು ಪೂರ್ತಿ ಬಾಯಿಪಾಠ ಹಾಡ್ತಾರೆ.”

“ಹಾಡ್ತಾನಾ? ಅವನು?”

“ಹಾಡೋದಲ್ಲ ತಾತ, ಕೂಗ್ತಾರೆ. ಸಿಗ್ನಲಿನಲ್ಲಿ ಪಕ್ಕದ ಕಾರಿನವರೆಲ್ಲ ನೋಡ್ತಾರೆ.”

ರಾಯರು ಕ್ಯಾಸೆಟ್ಟನ್ನು ಕೈಗೆ ತೆಗೆದುಕೊಂಡರು. ಚೀಟಿಯ ಮೇಲೆ ಹದಿನೈದು ವರ್ಷದ ಮಗನ ದುಂಡನೆಯ ಅಕ್ಷರದಲ್ಲಿ ಒಂಬತ್ತು ಹಾಡುಗಳ ಹೆಸರುಗಳು. ಒಂಬತ್ತನೆಯದರ ಮುಂದೆ ಕಂಸದಲ್ಲಿ, ‘ಟೇಪು ಸಾಲಲಿಲ್ಲ’ ಎಂದು ಬರೆದಿತ್ತು. ಅರವತ್ತು ನಿಮಿಷದ ಕ್ಯಾಸೆಟ್ಟು. ಒಂದು ಮಗ್ಗುಲಿಗೆ ನಾಲ್ಕು, ಇನ್ನೊಂದಕ್ಕೆ ನಾಲ್ಕು ಹಾಡುಗಳು ಹೇಗೋ ಹಿಡಿಸಿದ್ದುವು. ಐದು ನಿಮಿಷದ ಕೊನೆಯ ಹಾಡು ಹೊರಗುಳಿದಿತ್ತು.

ಟೂ-ಇನ್-ಒನ್ ಗುಜರಿಗೆ ಹೋಗಿ ಎಷ್ಟೋ ವರ್ಷಗಳಾಗಿದ್ದುವು. “ನನ್ನ ಫೋನಿನಲ್ಲಿ ಇದೆ ತಾತ. ಕೇಳ್ತೀರಾ?” ಎಂದಳು ಹುಡುಗಿ. ಅದೇ ಪ್ರಶ್ನೆ, ಅದೇ ವಯಸ್ಸು. ರಾಯರು ಅದೇ ಆರಾಮಕುರ್ಚಿಯಲ್ಲಿ ಕುಳಿತು, ಸ್ವಲ್ಪ ತಡೆದು, “ಆಗಲಿ, ಹಾಕು. ಈ ಸಲ ನಡುವೆ ನಿಲ್ಲಿಸುವುದಿಲ್ಲ” ಎಂದರು. ಮೊದಲನೆಯ ಸಲದ ಕಥೆ ಅವಳಿಗೆ ತಿಳಿಯದು. ಆ ಕೊನೆಯ ಮಾತನ್ನು ಅವರು ಯಾರಿಗೆ ಹೇಳಿದರೋ.

ಎರಡನೆಯ ಬಾರಿ ಕೇಳಿದೊಡನೆ ಕಲ್ಲು ಕರಗಿ ಬೆಣ್ಣೆಯಾಯಿತೆಂದು ಬರೆದರೆ ಅದು ಸುಳ್ಳಾಗುತ್ತದೆ. ಗದ್ದಲ ಗದ್ದಲವಾಗಿಯೇ ಇತ್ತು. ಆದರೆ ಈ ಬಾರಿ ರಾಯರು ಹಳೆಯ ವಿದ್ಯೆಯನ್ನು ನೆನಪು ಮಾಡಿಕೊಂಡು, ಹಜಾರದ ಹತ್ತು ಯಂತ್ರಗಳಲ್ಲಿ ಒಂದನ್ನು ಹಿಡಿಯುವಂತೆ, ಒಂದು ಗಿಟಾರನ್ನು ಮಾತ್ರ ಹಿಡಿದು ಕುಳಿತರು. ಆಗ ಒಂದು ಕ್ರಮ ಕಂಡಿತು. ಜಲ್ಲಿ ಯಂತ್ರವೆಂದುಕೊಂಡದ್ದು ಎಣಿಸಿ ಹೆಜ್ಜೆಯಿಡುತ್ತಿತ್ತು; ಮೂರು ಸುತ್ತು ಹೀಗೆ, ನಾಲ್ಕನೆಯದು ಬೇರೆ, ಮತ್ತೆ ಮೊದಲಿಗೆ. ಸುಮಾರು ಹತ್ತು ನಿಮಿಷದ ಎರಡನೆಯ ಹಾಡಿನಲ್ಲಿ, ತಾವು ಅಂದು ಗುಂಡಿ ಒತ್ತಿದ ಜಾಗ ಯಾವುದೆಂದು ಹುಡುಕುತ್ತ ಕುಳಿತಿದ್ದಂತೆಯೇ ಅದು ಮುಗಿದುಹೋಯಿತು.

ಅಡಿಗೆಮನೆಯಿಂದ ರಾಯರ ಹೆಂಡತಿ ಹೊರಬಂದರು. ಅವರು ಚಿಕ್ಕಂದಿನಲ್ಲಿ ವೀಣೆ ಕಲಿತವರು.

“ಏನೂಂದ್ರೆ, ಮೇಲಿನ ಸದ್ದೆಲ್ಲ ಇದೆ, ತಳದ್ದು ಎಲ್ಲಿ? ಮಂದ್ರವೇ ಕೇಳಿಸುತ್ತಿಲ್ಲವಲ್ಲ.”

ಮೊಮ್ಮಗಳು ಚಪ್ಪಾಳೆ ತಟ್ಟಿ ನಕ್ಕಳು. “ಅಜ್ಜಿ, ಇಡೀ ಪ್ರಪಂಚ ಇವರನ್ನು ಕೇಳಿರೋದು ಇದೇ ಪ್ರಶ್ನೆ!”

ಸಂಗತಿ ಹೀಗಿದೆ. ಈ ತಂಡದಲ್ಲಿ ಮಂದ್ರಸ್ಥಾಯಿಯ ಬೇಸ್ ಗಿಟಾರ್ ನುಡಿಸುತ್ತಿದ್ದ ಕ್ಲಿಫ್ ಬರ್ಟನ್ ಎಂಬ ಯುವಕ 1986ರ ಸೆಪ್ಟೆಂಬರ್ 27ರಂದು ಸ್ವೀಡನ್ ದೇಶದಲ್ಲಿ ತಂಡದ ಬಸ್ಸು ಉರುಳಿ ತೀರಿಕೊಂಡ. ಆಗ ಅವನಿಗೆ ಇಪ್ಪತ್ತನಾಲ್ಕು ವರ್ಷ. ಅವನ ಸ್ಥಾನಕ್ಕೆ ಜೇಸನ್ ನ್ಯೂಸ್ಟೆಡ್ ಎಂಬಾತ ಬಂದ. 1988ರ ಮೊದಲ ತಿಂಗಳುಗಳಲ್ಲಿ ಲಾಸ್ ಏಂಜಲೀಸಿನಲ್ಲಿ ಈ ಗೀತಗುಚ್ಛದ ಧ್ವನಿಮುದ್ರಣ ನಡೆಯಿತು. ಹೊಸಬನೂ ಶ್ರದ್ಧೆಯಿಂದಲೇ ನುಡಿಸಿದ. ಆದರೆ ಎಲ್ಲ ಧ್ವನಿಗಳನ್ನೂ ಕೂಡಿಸಿ ಹದಗೊಳಿಸುವಾಗ ಅವನ ವಾದ್ಯವನ್ನು ಕೇಳಿಸದಷ್ಟು ತಗ್ಗಿಸಲಾಯಿತು. ಹಾಗೆ ತಗ್ಗಿಸಬೇಕೆಂಬ ಅಪೇಕ್ಷೆ ತಂಡದ ಕಡೆಯಿಂದಲೇ ಬಂದಿತೆಂದು ಆ ಕೆಲಸ ಮಾಡಿದವರು ಅನಂತರ ಹೇಳಿದ್ದಾರೆ. 2018ರಲ್ಲಿ ಇದನ್ನು ಮತ್ತೆ ಪರಿಷ್ಕರಿಸಿ ಹೊರತಂದಾಗಲೂ ಆ ಹದವನ್ನು ಹಾಗೆಯೇ ಉಳಿಸಿಕೊಂಡರು.

“ಸತ್ತವನ ಜಾಗವನ್ನು ಖಾಲಿ ಬಿಟ್ಟರೇನೋ” ಎಂದರು ರಾಯರು.

“ಇದ್ದವನಿಗೆ ಹೇಗಾಗಿರಬೇಡ, ಪಾಪ” ಎಂದು ಹೇಳಿ ಅವರ ಹೆಂಡತಿ ಒಳಗೆ ಹೋದರು. ಮನೆಯಲ್ಲಿ ಮೂವತ್ತೈದು ವರ್ಷ ತಂದೆಗೂ ಮಗನಿಗೂ ನಡುವೆ ಮಂದ್ರದಲ್ಲಿ ನುಡಿಯುತ್ತ, ಯಾರಿಗೂ ಕೇಳಿಸದೆ ಇದ್ದವರು ಯಾರೆಂಬುದು ರಾಯರಿಗೆ ಆ ಕ್ಷಣ ಹೊಳೆಯಿತೋ ಇಲ್ಲವೋ, ಅವರು ಅಡಿಗೆಮನೆಯ ಬಾಗಿಲನ್ನೇ ತುಸು ಹೊತ್ತು ನೋಡಿದರು.

ನಾಲ್ಕನೆಯ ಹಾಡು ಬಂತು. ಅದರ ಹೆಸರು ‘ಒನ್’. ಗುಂಡಿನ ಸದ್ದುಗಳು ದೂರದಲ್ಲಿ ಕೇಳಿ, ಅವುಗಳ ಹಿಂದೆಯೇ ಒಂಟಿ ಗಿಟಾರು ಮೆಲ್ಲಗೆ, ಬಹಳ ದುಃಖದಿಂದ ಆರಂಭಿಸಿತು. ರಾಯರು ಕಣ್ಣು ತೆರೆದರು. ಇಂಥ ಮೃದುತ್ವ ಈ ಕ್ಯಾಸೆಟ್ಟಿನೊಳಗೆ ಇತ್ತೇ? ಮೊಮ್ಮಗಳು ಹಾಡಿನ ಕಥೆಯನ್ನು ಹೇಳಿದಳು. ಅದಕ್ಕೆ ಆಧಾರ ಡಾಲ್ಟನ್ ಟ್ರಂಬೋ ಎಂಬ ಅಮೆರಿಕದ ಲೇಖಕ 1939ರಲ್ಲಿ ಪ್ರಕಟಿಸಿದ ‘ಜಾನಿ ಗಾಟ್ ಹಿಸ್ ಗನ್’ ಎಂಬ ಕಾದಂಬರಿ. ಮೊದಲನೆಯ ಮಹಾಯುದ್ಧದಲ್ಲಿ ಶೆಲ್ ಸಿಡಿದು ಒಬ್ಬ ತರುಣ ಸಿಪಾಯಿ ಕೈಕಾಲುಗಳನ್ನು ಕಳೆದುಕೊಂಡಿದ್ದಾನೆ. ಮುಖವೇ ಇಲ್ಲದಂತಾಗಿ ಕಣ್ಣು, ಕಿವಿ, ನಾಲಗೆ ಎಲ್ಲವೂ ಹೋಗಿವೆ. ಉಳಿದಿರುವುದು ಬುದ್ಧಿಯೊಂದೇ. ಆಸ್ಪತ್ರೆಯ ಹಾಸಿಗೆಯ ಮೇಲೆ ಅವನು ವರ್ಷಗಟ್ಟಲೆ ಬಿದ್ದಿದ್ದಾನೆ. ಒಳಗೆ ಒಬ್ಬ ಮನುಷ್ಯನಿದ್ದಾನೆಂದು ಹೊರಗಿನವರಿಗೆ ತಿಳಿಸುವುದು ಹೇಗೆ?

“ಹೇಗೆ?” ಎಂದರು ರಾಯರು.

“ತಲೆಯನ್ನು ದಿಂಬಿಗೆ ಬಡೀತಾನೆ ತಾತ. ಮೋರ್ಸ್ ಕೋಡಿನಲ್ಲಿ.”

ರಾಯರು ಮಾತನಾಡಲಿಲ್ಲ. ಮೊಮ್ಮಗಳಿಗೆ ಆ ಎರಡು ಶಬ್ದಗಳು ಯಾವುದೋ ಹಳೆಯ ಕಾಲದ ಸಂಗತಿ. ತಾತನಿಗೆ ಅವು ನಾಲ್ಕು ದಶಕಗಳ ಅನ್ನ. “ಮುಂದೆ?” ಎಂದರು.

ಮುಂದಿನ ಕಥೆ ಹೀಗೆ. ಅವನು ಬಡಿಯುತ್ತಾನೆ, ಹಗಲಿರುಳು ಬಡಿಯುತ್ತಾನೆ. ನೋಡಿಕೊಳ್ಳುತ್ತಿದ್ದ ದಾದಿಗೆ ಅದು ಭಾಷೆಯೆಂದು ತೋರುವುದಿಲ್ಲ. ರೋಗಿಯ ಸಂಕಟವೆಂದು ತಿಳಿದು ಶಮನಗೊಳಿಸಲು ನೋಡುತ್ತಾಳೆ. ಕೊನೆಗೆ ಔಷಧಿ ಚುಚ್ಚಿ ಮಲಗಿಸುತ್ತಾರೆ. ಬಹಳ ಕಾಲದ ಮೇಲೆ ಹೊಸ ದಾದಿಯೊಬ್ಬಳು ಬಂದು ಅವನ ಎದೆಯ ಮೇಲೆ ಬೆರಳಿನಿಂದ ಒಂದೊಂದೇ ಅಕ್ಷರ ಬರೆದು ಕ್ರಿಸ್‌ಮಸ್ ಹಬ್ಬದ ಶುಭಾಶಯ ಹೇಳುತ್ತಾಳೆ. ಆ ಬಡಿತದಲ್ಲಿ ಏನೋ ಅರ್ಥವಿರಬೇಕೆಂದು ಅವಳಿಗೆ ಹೊಳೆಯುತ್ತದೆ.

ಅಷ್ಟರಲ್ಲಿ ಹಾಡು ತನ್ನ ಶಾಂತಿಯನ್ನು ಕಳೆದುಕೊಂಡಿತ್ತು. ಡ್ರಮ್ಮು ಇದ್ದಕ್ಕಿದ್ದಂತೆ ಮೆಷಿನ್ ಗನ್ನಿನಂತೆ ಬಡಿಯತೊಡಗಿತು. ಗಿಟಾರುಗಳು ಅದರೊಡನೆ ಸೇರಿ ಒಂದೇ ಏಟಾಗಿ ಬಡಿದುವು. ರಾಯರ ಬಲಗೈಯ ಬೆರಳು ಕುರ್ಚಿಯ ತೋಳಿನ ಮೇಲೆ ತಾನಾಗಿ ಚಲಿಸಿತು. ಮೊಮ್ಮಗಳು ಕುತೂಹಲದಿಂದ ಬಾಗಿ ನೋಡಿದಳು.

“ತಾತ, ಇದರಲ್ಲಿ ಏನಾದರೂ ಬರೆದಿದೆಯಾ?”

ರಾಯರು ಗಮನವಿಟ್ಟು ಕೇಳಿದರು. ವೃತ್ತಿಯ ವಿಷಯದಲ್ಲಿ ಅವರು ಸುಳ್ಳು ಹೇಳುವವರಲ್ಲ.

“ಅಕ್ಷರಗಳೇನೂ ಇಲ್ಲ, ಮಗು. ಆದರೆ ಯಾರೋ ಬಡಿಯುತ್ತಿರುವುದು ನಿಜ.”

ಅವಳು ಆ ಹಾಡಿನ ಚಲಚ್ಚಿತ್ರವನ್ನೂ ತೋರಿಸಿದಳು. 1989ರಲ್ಲಿ ಹೊರಬಂದ ಅದು ಈ ತಂಡದ ಮೊತ್ತಮೊದಲ ಸಂಗೀತಚಿತ್ರ. 1971ರಲ್ಲಿ ಟ್ರಂಬೋ ತಾನೇ ನಿರ್ದೇಶಿಸಿದ ಸಿನೆಮಾದ ದೃಶ್ಯಗಳನ್ನು ಅದರಲ್ಲಿ ಬಳಸಿಕೊಂಡಿದ್ದಾರೆ. ಮುಸುಕು ಹಾಕಿದ ತಲೆ ದಿಂಬಿನ ಮೇಲೆ ಏಳುತ್ತದೆ, ಬೀಳುತ್ತದೆ. ಸುತ್ತ ನಿಂತ ಅಧಿಕಾರಿಗಳು ನೋಡುತ್ತಾರೆ. ರಾಯರು ಮುಂದೆ ನೋಡಲಾರದೆ ಕನ್ನಡಕ ತೆಗೆದು ಪಂಚೆಯ ಚುಂಗಿನಲ್ಲಿ ಒರಸಿಕೊಂಡರು. ‘ಮುಂದೆ ಒಂದು ಹಾಡಿದೆ ಅಪ್ಪ, ಅದೊಂದನ್ನು’ ಎಂದು ಹದಿನೈದು ವರ್ಷದ ಹುಡುಗ ಹೇಳಿದ್ದು ಯಾವ ಹಾಡನ್ನು ಕುರಿತೆಂದು ಅವರಿಗೆ ಈಗ ಕೇಳಬೇಕಾಗಿರಲಿಲ್ಲ. ಬೀದಿಯಲ್ಲಿ ಸಿಕ್ಕಿದವರಿಗೆಲ್ಲ ಮೋರ್ಸ್ ಸಂಕೇತದ ಮಹಿಮೆಯನ್ನು ವರ್ಣಿಸುತ್ತಿದ್ದ ತಂದೆಗೆ, ಮಗ ಹುಡುಕಿ ತಂದ ಕಾಣಿಕೆಯಾಗಿತ್ತು ಅದು. ತಂದೆ ಬಡಿತವನ್ನು ಕೇಳಿ ರೋಗವೆಂದು ತಿಳಿದು ಗುಂಡಿ ಒತ್ತಿದ್ದರು.

ಒಮ್ಮೆ ಕೊಟ್ಟ ತೀರ್ಪನ್ನು ತಿದ್ದಿಕೊಳ್ಳಬೇಕಾಗಿ ಬಂದವರು ರಾಯರೊಬ್ಬರೇ ಅಲ್ಲ. ಅಮೆರಿಕದ ಗ್ರ್ಯಾಮಿ ಪ್ರಶಸ್ತಿಯವರು 1989ರಲ್ಲಿ ಈ ಬಗೆಯ ಸಂಗೀತಕ್ಕೆಂದು ಮೊದಲ ಬಾರಿ ಒಂದು ವಿಭಾಗ ತೆರೆದಾಗ, ಈ ಗೀತಗುಚ್ಛಕ್ಕೇ ಬಹುಮಾನವೆಂದು ಎಲ್ಲರೂ ನಂಬಿದ್ದರು. ಅದು ಹೋದದ್ದು ಜೆಥ್ರೋ ಟಲ್ ಎಂಬ, ಕೊಳಲಿಗೆ ಹೆಸರಾದ ಬ್ರಿಟಿಷ್ ತಂಡಕ್ಕೆ. ಮಾರನೆಯ ವರ್ಷ, 1990ರಲ್ಲಿ, ಅದೇ ಸಮಿತಿ ಅದೇ ಗುಚ್ಛದ ‘ಒನ್’ ಹಾಡಿಗೆ ಪ್ರಶಸ್ತಿ ಕೊಟ್ಟಿತು. ಹನುಮಂತನಗರದ ತೀರ್ಪು ಹೊರಬಿದ್ದದ್ದೂ ಅದೇ ವರ್ಷ. ಟ್ರಂಬೋನ ಕಥೆ ಇನ್ನೂ ದೊಡ್ಡದು. ಕಮ್ಯೂನಿಸ್ಟರ ಬೇಟೆಯ ಕಾಲದಲ್ಲಿ ಅಮೆರಿಕದ ಸಂಸತ್ತಿನ ಸಮಿತಿಯ ಮುಂದೆ ಉತ್ತರ ಹೇಳಲು ಒಪ್ಪದೆ ಅವನು ಸೆರೆಮನೆ ಸೇರಿದ. ಚಿತ್ರೋದ್ಯಮ ಅವನನ್ನು ಹೊರಗಿಟ್ಟಿತು. ಬೇರೆಯವರ ಹೆಸರಿನಲ್ಲಿ ಅವನು ಬರೆದ ‘ರೋಮನ್ ಹಾಲಿಡೆ’ ಚಿತ್ರದ ಕಥೆಗೆ ಬಂದ ಆಸ್ಕರ್ ಪ್ರಶಸ್ತಿ ಅವನ ಹೆಸರಿಗೆ ಸಂದದ್ದು 1993ರಲ್ಲಿ. ಅವನು 1976ರಲ್ಲಿಯೇ ತೀರಿಕೊಂಡಿದ್ದ. ಹಾಗೆ ಹೊರಗಿಡಲ್ಪಟ್ಟವರ ಮೇಲೆಯೇ ಈ ಗುಚ್ಛದಲ್ಲಿ ಇನ್ನೊಂದು ಹಾಡಿದೆ, ‘ದಿ ಶಾರ್ಟೆಸ್ಟ್ ಸ್ಟ್ರಾ’ ಎಂದು ಅದರ ಹೆಸರು. ಗುಚ್ಛದ ಹೊದಿಕೆಯ ಚಿತ್ರದಲ್ಲಿಯೂ ಕಣ್ಣಿಗೆ ಬಟ್ಟೆ ಕಟ್ಟಿದ ನ್ಯಾಯದೇವತೆಯ ಪ್ರತಿಮೆಯನ್ನು ಹಗ್ಗಗಳಿಂದ ಬಿಗಿದು ಎಳೆಯುತ್ತಿದ್ದಾರೆ. ಅವಳ ತಕ್ಕಡಿಯಿಂದ ಹಣ ಸುರಿಯುತ್ತಿದೆ. ‘ಎಲ್ಲರಿಗೂ ನ್ಯಾಯ’ ಎಂಬ ಹೆಸರಿಗೆ ಆ ಚಿತ್ರವೇ ವ್ಯಾಖ್ಯಾನ. ಮರುವಿಚಾರಣೆಗಳು ಜಗತ್ತಿನಲ್ಲಿ ನಡೆಯುತ್ತವೆ, ನಿಜ. ಆದರೆ ಬಹಳ ಸಲ ಅರ್ಜಿದಾರ ಎದ್ದುಹೋದ ಮೇಲೆ ನಡೆಯುತ್ತವೆ.

ಎಂಟನೆಯದು ಸುಮಾರು ಹತ್ತು ನಿಮಿಷದ ವಾದ್ಯಸಂಗೀತ. ಬರ್ಟನ್ ಬಿಟ್ಟುಹೋಗಿದ್ದ ತುಣುಕುಗಳನ್ನು ಪೋಣಿಸಿ ಕಟ್ಟಿದ್ದು. ನಡುವೆ ಕೆಲವೇ ಸಾಲುಗಳನ್ನು ಮಾತಿನಂತೆ ಉಚ್ಚರಿಸಿದ್ದಾರೆ. ರಾಯರ ಹೆಂಡತಿ ಕೈ ಒರೆಸಿಕೊಂಡು ಬಂದು ಅದನ್ನು ನಿಂತು ಕೇಳಿದರು. “ಇದು ಶ್ರಾದ್ಧದ ಹಾಗಿದೆ” ಎಂದರು. ಅದಕ್ಕಿಂತ ಚೆನ್ನಾದ ವಿಮರ್ಶೆ ಬೇಕಾಗಿರಲಿಲ್ಲ.

ಅದು ಮುಗಿದೊಡನೆ ಮೊಮ್ಮಗಳು ಫೋನನ್ನು ಎತ್ತಿಕೊಂಡಳು. “ಅಷ್ಟೇ ತಾತ. ಆಯ್ತು.”

“ಇಲ್ಲವಲ್ಲ. ಚೀಟಿಯಲ್ಲಿ ಒಂಬತ್ತಿವೆ.”

“ಕೊನೇದು ಅಷ್ಟು ಚೆನ್ನಾಗಿಲ್ಲ ತಾತ. ಬರೀ ಕೂಗಾಟ.”

ಹುಡುಗಿ ಸುಳ್ಳು ಹೇಳುತ್ತಿದ್ದಾಳೆಂದು ರಾಯರಿಗೆ ತಿಳಿಯಿತು. ಆದರೆ ಅದು ದಯೆಯಿಂದ ಹೇಳಿದ ಸುಳ್ಳೆಂಬುದೂ ತಿಳಿಯಿತು. “ಹಾಕು, ಪುಟ್ಟಿ” ಎಂದರು.

‘ಡೈಯರ್ಸ್ ಈವ್’ ಎಂಬ ಆ ಹಾಡು ಗುಚ್ಛದಲ್ಲೆಲ್ಲ ಅತ್ಯಂತ ವೇಗದ್ದು. ಮಗನೊಬ್ಬ ತಾಯಿತಂದೆಗಳಿಗೆ ಬರೆದ ಪತ್ರದ ರೂಪದಲ್ಲಿದೆ. ರಕ್ಷಿಸುವ ನೆಪದಲ್ಲಿ ಜಗತ್ತನ್ನೇ ತನಗೆ ಮರೆಮಾಡಿದರೆಂದು, ತನ್ನ ದನಿಯನ್ನು ಅಡಗಿಸಿದರೆಂದು ಅವನ ದೂರು. ಬರೆದು ಹಾಡಿದ ಜೇಮ್ಸ್ ಹೆಟ್‌ಫೀಲ್ಡ್ ಔಷಧೋಪಚಾರವನ್ನೇ ಒಲ್ಲದ ಕ್ರಿಶ್ಚಿಯನ್ ಸೈನ್ಸ್ ಪಂಥದ ಮನೆಯಲ್ಲಿ ಬೆಳೆದವನು. ತಂದೆ ಮನೆ ಬಿಟ್ಟುಹೋದ. ಅವನಿಗೆ ಹದಿನಾರು ವರ್ಷವಾಗಿದ್ದಾಗ ತಾಯಿ ಕ್ಯಾನ್ಸರಿನಿಂದ ತೀರಿಕೊಂಡಳು. ಆ ಕೋಪಕ್ಕೆ ಅವನದೇ ಕಾರಣಗಳಿದ್ದುವು. ಹನುಮಂತನಗರದ ಮನೆಯಲ್ಲಿ ಅಂಥದೇನೂ ನಡೆದಿರಲಿಲ್ಲ. ಮಗನಿಗೆ ಜ್ವರ ಬಂದಾಗ ರಾಯರು ರಾತ್ರಿಯಿಡೀ ಹಣೆಗೆ ಒದ್ದೆಬಟ್ಟೆ ಹಾಕಿ ಕುಳಿತಿದ್ದವರು. ಅವನ ಕಾಲೇಜಿನ ಶುಲ್ಕಕ್ಕಾಗಿ ಸೈಟು ಮಾರಿದವರು. ಹಾಡಿನ ದೂರುಗಳಲ್ಲಿ ಮುಕ್ಕಾಲು ಪಾಲು ತಮಗೆ ಅನ್ವಯಿಸುವುದಿಲ್ಲವೆಂದು ಅವರು ಪ್ರಾಮಾಣಿಕವಾಗಿ ವಾದಿಸಬಹುದಾಗಿತ್ತು. ಉಳಿದ ಕಾಲು ಪಾಲಿಗೆ ಅವರ ಬಳಿ ವಾದವಿರಲಿಲ್ಲ.

ಹಾಡು ಥಟ್ಟನೆ ನಿಂತುಹೋಯಿತು. ಮೂವತ್ತೈದು ವರ್ಷ ತಡವಾಗಿ ಬಟವಾಡೆಯಾದ ತಂತಿಯನ್ನು ಕೈಯಲ್ಲಿ ಹಿಡಿದವರಂತೆ ರಾಯರು ಕ್ಯಾಸೆಟ್ಟನ್ನು ಹಿಡಿದು ಕುಳಿತಿದ್ದರು. ಮೊಮ್ಮಗಳು ಕುರ್ಚಿಯ ಪಕ್ಕದಲ್ಲಿ ನೆಲದ ಮೇಲೆ ಕುಳಿತು ಅವರ ಮೊಣಕಾಲಿಗೆ ತಲೆಯಾನಿಸಿದಳು.

“ಅಪ್ಪ ಕೂಡ ಕಾರಿನಲ್ಲಿ ಇದು ಬಂದಾಗ ಹಾಡೋದಿಲ್ಲ ತಾತ. ಸುಮ್ಮನೆ ಓಡಿಸ್ತಾರೆ” ಎಂದಳು.

ಮರುದಿನವೇ ಭಾನುವಾರ. ಎಂದಿನಂತೆ ಹತ್ತು ಗಂಟೆಗೆ ಪುಣೆಯಿಂದ ದೂರವಾಣಿ ಬಂತು.

“ಮಾತ್ರೆ ತೆಗೆದುಕೊಂಡಿರಾ?”

“ತೆಗೆದುಕೊಂಡೆ.”

“ಅವಳು ತಂಟೆ ಮಾಡುತ್ತಿಲ್ಲ ತಾನೆ?”

“ಇಲ್ಲ.” ಇಲ್ಲಿಗೆ ಆ ವಾರದ ಪದಗಳು ಮುಗಿಯಬೇಕಾಗಿತ್ತು. ರಾಯರು ಗಂಟಲು ಸರಿಮಾಡಿಕೊಂಡರು. “ನೋಡು, ಅಟ್ಟದಲ್ಲಿ ನಿನ್ನ ಕ್ಯಾಸೆಟ್ಟು ಸಿಕ್ಕಿತು. ಅರವತ್ತು ನಿಮಿಷದ್ದು. ಅದರಲ್ಲಿ ಕೊನೆಯ ಹಾಡು ಹಿಡಿಸಿರಲಿಲ್ಲವಂತಲ್ಲ. ನೀನು ಅದನ್ನು ಯಾವಾಗ ಕೇಳಿದೆ?”

ಆ ಕಡೆ ಬಹಳ ಹೊತ್ತು ಸದ್ದಿಲ್ಲ. ಸಂಪರ್ಕ ಕಡಿದುಹೋಯಿತೋ ಎಂದು ಬೇರೆ ಯಾರಾದರೂ ಹಲೋ ಹಲೋ ಎನ್ನುತ್ತಿದ್ದರು. ತಂತಿ ಕಚೇರಿಯಲ್ಲಿ ನಲವತ್ತು ವರ್ಷ ಕುಳಿತವರಿಗೆ ಮೌನದಲ್ಲಿಯೂ ತಂತಿ ಜೀವದಿಂದಿದೆಯೋ ಇಲ್ಲವೋ ಎಂಬುದು ತಿಳಿಯುತ್ತದೆ. ರಾಯರು ಕಾದರು.

“ಹಾಸ್ಟೆಲಿನಲ್ಲಿ ಅಪ್ಪ” ಎಂದ ಮಗ ಕೊನೆಗೆ. “ರೂಮಿನವನ ಹತ್ತಿರ ಪೂರ್ತಿ ಟೇಪು ಇತ್ತು.” ಮತ್ತೆ ತಡೆದು, “ನೀವು... ನಾಲ್ಕನೆಯದನ್ನು ಕೇಳಿದಿರಾ?”

“ಕೇಳಿದೆ. ಅಕ್ಷರಗಳೇನೂ ಇಲ್ಲ ಅದರಲ್ಲಿ.”

“ಗೊತ್ತು. ಆಗ ನಾನೂ ನಿಮ್ಮ ತಂತಿ ಪುಸ್ತಕ ತೆಗೆದು ಎಣಿಸಿ ನೋಡಿದ್ದೆ.”

ರಾಯರು ನಕ್ಕರು, ಆ ಕಡೆಯೂ ನಗು ಕೇಳಿಸಿತು. ಅಡಿಗೆಮನೆಯಲ್ಲಿ ಒಗ್ಗರಣೆಯ ಸೌಟು ಹಿಡಿದು ನಿಂತಿದ್ದ ತಾಯಿ ಒಲೆಯನ್ನು ಸಣ್ಣಗೆ ಮಾಡಿದರು. ಅಂದಿನ ಸಂಭಾಷಣೆ ನಲವತ್ತು ನಿಮಿಷಕ್ಕೂ ಮೀರಿ ನಡೆಯಿತೆಂದು ಮೊಮ್ಮಗಳು ಫೋನು ನೋಡಿ ಹೇಳಿದಳು. ಎಷ್ಟು ಪದಗಳಾದುವೆಂದು ರಾಯರು ಲೆಕ್ಕ ಹಾಕಲಿಲ್ಲ.